ಬೂದು ವೈರಿನ ಇನ್ನೊಂದು ತುದಿ

ಇಪ್ಪತ್ತಮೂರು ವೈರ್‌ಗಳು, ಒಂದೊಂದಕ್ಕೆ ಎರಡು ತುದಿ. ತಂಗಿ ಮೊದಲೇ ಎಣಿಸಿ ನಲವತ್ತಾರು ಚೀಟಿಗಳನ್ನು ಕತ್ತರಿಸಿಟ್ಟುಕೊಂಡೇ ಮೇಜಿನ ಕೆಳಗೆ ನುಸುಳಿದ್ದಳು. ಬಾಯಲ್ಲಿ ಸಣ್ಣ ಟಾರ್ಚ್ ಕಚ್ಚಿಕೊಂಡು, ಮೊಣಕಾಲೂರಿ, ಒಂದೊಂದೇ ವೈರನ್ನು ಬೆರಳಲ್ಲಿ ಸವರುತ್ತ ಹೋಗಿ, ಅದು ಎಲ್ಲಿ ಮುಟ್ಟುತ್ತದೋ ಆ ಯಂತ್ರದ ಹೆಸರು ಬರೆದು ಅಂಟಿಸುತ್ತ ಬಂದಿದ್ದಳು. ನಲವತ್ತೈದು ಮುಗಿದವು. ಒಂದು ಚೀಟಿ ಅಂಗೈಯಲ್ಲಿ ಹಾಗೇ ಉಳಿಯಿತು.

ಉಳಿದದ್ದು ಒಂದು ಬೂದು ಬಣ್ಣದ ತೆಳು ವೈರಿನ ತುದಿ. ಅದರ ಈಚೆಯ ತುದಿ, ಅಕ್ಕ ಕೂರುವ ಜಾಗದಲ್ಲಿ, ಡ್ರಾಯರಿನ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದ ಒಂದು ಕಪ್ಪು ಡಬ್ಬಿಯೊಳಗೆ ಹೋಗುತ್ತಿತ್ತು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಅದಕ್ಕೊಂದು ಗುಂಡಿ, ಗುಂಡಿಯ ಪಕ್ಕ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು. ಏನೆಂದು ಗೊತ್ತಾಗದೆ ಅವಳು ಚೀಟಿಯಲ್ಲಿ ‘ಡಬ್ಬಿ’ ಎಂದೇ ಬರೆದಿದ್ದಳು. ಆಚೆಯ ತುದಿ ಮಾತ್ರ ಕಂಪ್ಯೂಟರಿಗೂ ಹೋಗದೆ, ಪ್ರಿಂಟರಿಗೂ ಹೋಗದೆ, ಗೋಡೆಯ ಪ್ಲಗ್ಗಿಗೂ ಹೋಗದೆ, ಕಾಗದದ ಕಪಾಟಿನ ಹಿಂದಿನ ಕತ್ತಲಲ್ಲಿ ಮಾಯವಾಗಿತ್ತು.

ಅಕ್ಕತಂಗಿಯರದ್ದು ಟೈಪಿಂಗ್ ಅಂಗಡಿ. ಕಾಲೇಜಿನವರ ಪ್ರಬಂಧ, ಅರ್ಜಿ, ಕರಾರುಪತ್ರ, ಯಾರು ಏನು ತಂದರೂ ಟೈಪು ಮಾಡಿ, ತಿದ್ದಿ, ಮುದ್ರಿಸಿ ಕೊಡುತ್ತಿದ್ದರು. ಅಕ್ಕನಿಗೆ ಐವತ್ತಮೂರು, ತಂಗಿಗೆ ನಲವತ್ತೇಳು. ಗಿರಾಕಿಗಳ ಬಾಯಲ್ಲಿ ಒಬ್ಬಳು ದೊಡ್ಡಮೇಡಂ, ಇನ್ನೊಬ್ಬಳು ಚಿಕ್ಕಮೇಡಂ. ಅಕ್ಕ ಮದುವೆಯಾದವಳಲ್ಲ. ತಂಗಿ ಮದುವೆಯಾಗಿ, ಅದು ಮುರಿದು, ಹನ್ನೆರಡು ವರ್ಷದ ಹಿಂದೆ ಎರಡು ಸೂಟ್‌ಕೇಸ್ ಹಿಡಿದು ಅಕ್ಕನ ಬಾಗಿಲಿಗೆ ಬಂದು ನಿಂತವಳು. ಅಕ್ಕ ಏನನ್ನೂ ಕೇಳದೆ ಬೀರುವಿನ ಅರ್ಧ ಖಾಲಿ ಮಾಡಿಕೊಟ್ಟಿದ್ದಳು. ಅಂದಿನಿಂದ ಟೈಪು ಮಾಡುವುದು, ಪ್ರೂಫ್ ನೋಡುವುದು ಅಕ್ಕನ ಪಾಲು. ಗಿರಾಕಿ, ಜೆರಾಕ್ಸ್, ಕಾಗದ, ಫೋನು ತಂಗಿಯ ಪಾಲು.

ಹಿಂದಿನ ವಾರ ಅಕ್ಕನ ಕಂಪ್ಯೂಟರು ಎರಡು ಸಲ ತಾನಾಗಿ ಆಫ್ ಆಗಿ ಮೂವತ್ತು ಪುಟದ ತಿದ್ದುಪಡಿ ನೀರುಪಾಲಾಗಿತ್ತು. ರಿಪೇರಿಯವನು ಬಾಗಿಲಲ್ಲೇ ನಿಂತು ಬಗ್ಗಿ ನೋಡಿ, “ಇದೇನು ಚಿಕ್ಕಮೇಡಂ, ಹಕ್ಕಿ ಗೂಡು ಕಟ್ಟಿದ ಹಾಗಿದೆ. ಇದ್ರಲ್ಲಿ ಯಾವ ಪ್ಲಗ್ಗು ಸಡಿಲ ಅಂತ ಹುಡುಕಲಿ? ಮೊದಲು ಬಿಡಿಸಿಡಿ, ಆಮೇಲೆ ನನ್ನ ಕರೀರಿ” ಎಂದು ಹೊರಟುಹೋಗಿದ್ದ. ಅಕ್ಕ ಇದ್ದಿದ್ದರೆ ಮುಟ್ಟಲು ಬಿಡುತ್ತಿರಲಿಲ್ಲ. ನಡೀತಾ ಇದೆಯಲ್ಲ, ಇರಲಿ ಬಿಡು ಅನ್ನುವುದು ಅವಳ ಮಾತು. ಆದರೆ ಎರಡು ದಿನದ ಕೆಳಗೆ ಅವಳಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಹತ್ತು ದಿನ ಓದಬಾರದು, ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಎಲ್ಲವನ್ನೂ ಸಾಲಾಗಿ, ಲಕ್ಷಣವಾಗಿ ಇಟ್ಟರೆ ಮಾತ್ರ ನಿದ್ದೆ ಬರುವ ತಂಗಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ.

ಅವಳು ಬೂದು ವೈರನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಮೆಲ್ಲಗೆ ಎಳೆದಳು. ಬರಲಿಲ್ಲ. ಹಳೆಯ ಯಾವುದೋ ಯಂತ್ರದ್ದಿರಬೇಕು, ಯಂತ್ರ ಹೋದ ಮೇಲೂ ಇದು ಉಳಿದುಕೊಂಡಿದೆ ಅಂದುಕೊಂಡು, ಕಾಲನ್ನು ಕಪಾಟಿಗೆ ಒತ್ತಿ ಜೋರಾಗಿ ಎಳೆದಳು. ದೂರದಲ್ಲಿ ಏನೋ ಕಳಚಿತು. ಒಂದು ಗಜದಷ್ಟು ವೈರ್ ಸಡಿಲವಾಗಿ ಮಡಿಲಿಗೆ ಬಂದು ಬಿತ್ತು.

ಕಪಾಟನ್ನು ಸರಿಸಿ ನೋಡಿದಳು. ವೈರ್ ಗೋಡೆಯಂಚಿನಲ್ಲೇ ಹೋಗಿ, ಕಿಟಕಿಯ ಚೌಕಟ್ಟಿನಲ್ಲಿ ಕೊರೆದಿದ್ದ ಒಂದು ತೂತಿನಿಂದ ಹೊರಗೆ ಹೋಗಿತ್ತು. ಅಂಗಡಿಯ ಹಿಂದೆ ಇಬ್ಬರು ಅಕ್ಕಪಕ್ಕ ನಡೆಯಲಾರದಷ್ಟು ಸಪೂರ ಓಣಿ. ಹಿಂಬಾಗಿಲು ತೆಗೆದು ಹೊರಗೆ ಬಂದು ತಲೆಯೆತ್ತಿದಳು. ಬೂದು ವೈರ್ ನೀರಿನ ಕೊಳವೆಯ ಜೊತೆ ಮೇಲೇರಿ, ಓಣಿಯ ಮೇಲಿನ ತಂತಿಗೆ ಜೋತುಬಿದ್ದು ಆಚೆ ಗೋಡೆಗೆ ದಾಟಿತ್ತು. ಗೇಣಿಗೊಂದರಂತೆ ಬಿಳಿ ದಾರದ ಗಂಟು. ಎಲ್ಲ ಗಂಟುಗಳೂ ಒಂದೇ ಅಳತೆ, ಒಂದೇ ಬದಿಗೆ. ಮಳೆಗಾಳಿಗೆ ದಾರ ಮಾಸಿತ್ತು, ಆದರೆ ಒಂದೂ ಬಿಚ್ಚಿರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಎಳೆದವನು ಯಾರೇ ಆಗಿರಲಿ, ಕೆಲಸ ಬಲ್ಲವನು ಎಂದು ಅವಳಿಗೆ ಅನ್ನಿಸಿತು. ಗಂಟುಗಳನ್ನು ಎಣಿಸುತ್ತ ನಡೆದಳು. ಹತ್ತೊಂಬತ್ತನೆಯ ಗಂಟಿನ ಬಳಿ ವೈರ್ ಎದುರಿನ ಕಟ್ಟಡದ ಕಿಟಕಿಯೊಳಗೆ ಹೋಗಿತ್ತು.

ಅದು ಬೈಂಡರನ ಕೋಣೆ.

ಬೈಂಡರ್ ಅವಳಿಗೆ ಹೊಸಬನೇನಲ್ಲ. ಅಂಗಡಿಯಲ್ಲಿ ಮುದ್ರಿಸಿದ ಪ್ರಬಂಧಗಳನ್ನೆಲ್ಲ ಹೊಲಿದು ರಟ್ಟು ಹಾಕುತ್ತಿದ್ದವನು ಅವನೇ. ಕಾಗದದ ಕಟ್ಟುಗಳನ್ನು ಅವಳೇ ಮುಂದಿನ ಬೀದಿಯಿಂದ ಸುತ್ತಿಹೋಗಿ ಅವನ ಕೌಂಟರಿನ ಮೇಲೆ ಇಟ್ಟು ಬರುತ್ತಿದ್ದಳು. ಸಂಜೆ ಅವನು ಸಿದ್ಧವಾದ ಪುಸ್ತಕಗಳನ್ನು ತಂದು ಅಕ್ಕನ ಮೇಜಿನ ಮೇಲಿಟ್ಟು, ತಲೆಯಾಡಿಸಿ ಹೋಗುತ್ತಿದ್ದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತಂತೆ. ಐವತ್ತೆಂಟರ ಆಸುಪಾಸಿನ ಉದ್ದನೆಯ ಮನುಷ್ಯ. ಆಯ್ತು, ನಾಳೆ, ಒಳ್ಳೇದು, ಈ ಮೂರು ಮಾತುಗಳಲ್ಲಿ ಅವನ ವ್ಯವಹಾರವೆಲ್ಲ ಮುಗಿಯುತ್ತಿತ್ತು. ತಂಗಿ ಅವನಿಗೆ ಬೆನ್ನ ಹಿಂದೆ ಗೋಂದಣ್ಣ ಎಂದು ಹೆಸರಿಟ್ಟಿದ್ದಳು.

ಒಳಗೆ ಹೋದಾಗ ಗೋಂದಣ್ಣ ಸ್ಟೂಲಿನ ಮೇಲೆ ಕೂತು, ಅಂಟಿನ ಬಕೆಟ್ಟಿನಿಂದ ಏನನ್ನೋ ಎತ್ತಿ ಹಿಡಿದು ನೋಡುತ್ತಿದ್ದ. ಅಂಗೈಯಗಲದ ಒಂದು ಮರದ ಪೆಟ್ಟಿಗೆ. ಅದರಿಂದ ಬಿಳಿ ಅಂಟು ದಪ್ಪಗೆ ಇಳಿಯುತ್ತಿತ್ತು. ಬೂದು ವೈರಿನ ತುದಿ ಆ ಪೆಟ್ಟಿಗೆಗೇ ಸೇರಿತ್ತು. ಅವಳನ್ನು ಕಂಡು ಅವನು ಎದ್ದು ನಿಂತ.

“ನೀವು ಎಳೆದ್ರಾ?” ಎಂದ.

“ಹೌದು. ಏನದು?”

“ಸ್ಪೀಕರ್.” ಅವನು ಒಂದು ಕ್ಷಣ ಅದನ್ನು ನೋಡಿದ. “ಆಗಿತ್ತು.”

ಅವಳಿಗೆ ನಗು ಬರುವುದರಲ್ಲಿತ್ತು. ಆದರೆ ಅವನ ಮುಖ ನೋಡಿ ನಗಲಿಲ್ಲ. ಅವನು ಬಟ್ಟೆ ತೆಗೆದುಕೊಂಡು ಪೆಟ್ಟಿಗೆಯ ಸಂದಿಗಳನ್ನು ಒಂದೊಂದಾಗಿ ಒರೆಸತೊಡಗಿದ, ಕೆಸರಲ್ಲಿ ಬಿದ್ದ ಮಗುವಿನ ಕಿವಿಯನ್ನು ಒರೆಸುವ ಹಾಗೆ.

“ನಮ್ಮ ಅಕ್ಕನ ಮೇಜಿನ ಕೆಳಗಿಂದ ನಿಮ್ಮ ಸ್ಪೀಕರಿಗೆ ಯಾಕೆ ವೈರ್ ಬಂದಿದೆ?”

ಅವನು ಬಟ್ಟೆಯ ಒಣ ಬದಿಯನ್ನು ಹುಡುಕಿ ಮಡಿಸಿಕೊಂಡ. ಆಮೇಲೆ ಮಾತಾಡಿದ. ಇಷ್ಟು ವರ್ಷದಲ್ಲಿ ಅವಳು ಅವನ ಬಾಯಿಂದ ಕೇಳಿದ್ದಕ್ಕಿಂತ ಹೆಚ್ಚು ಮಾತು ಆ ಒಂದು ಸಲಕ್ಕೇ ಬಂತು.

“ನಾಲ್ಕು ವರ್ಷದ ಹಿಂದೆ ಒಂದು ಪ್ರಬಂಧದ ಬೆನ್ನಿನ ಮೇಲೆ ಹೆಸರು ಅಚ್ಚು ಹಾಕುವಾಗ ನನ್ನಿಂದ ಒಂದಕ್ಷರ ತಪ್ಪಾಯ್ತು. ದೊಡ್ಡಮೇಡಂ ಹೇಳಿದ್ರು, ನಾನು ಇಲ್ಲಿಂದಲೇ ಬಿಡಿಬಿಡಿಯಾಗಿ ಓದಿ ಹೇಳ್ತೀನಿ, ನೀವು ಕೇಳಿಸ್ಕೊಂಡು ಹಾಕಿ ಅಂತ. ಅದಕ್ಕೆ ಎಳೆಸಿದ್ದು. ಮೊದಲನೇ ದಿನ ಹೆಸರು ಓದಿದ್ರು, ಗುಂಡಿ ಆರಿಸೋದು ಮರೆತ್ರು. ಒಳಗಿನದೂ ಓದ್ತಾ ಹೋದ್ರು. ಪ್ರೂಫ್ ನೋಡುವಾಗ ಅವರಿಗೆ ಬಾಯಿಬಿಟ್ಟು ಓದೋ ಅಭ್ಯಾಸ ಅಲ್ವಾ. ಸಂಜೆ ಪುಸ್ತಕ ತಂದಾಗ ನಾನೇ ಹೇಳ್ದೆ, ಗುಂಡಿ ಆರಿಸಿರಲಿಲ್ಲ ಅಂತ. ಏನು ಕೇಳಿಸ್ತು ಅಂದ್ರು. ಎಲ್ಲಾ ಅಂದೆ. ಹೇಗಿತ್ತು ಅಂದ್ರು. ಚೆನ್ನಾಗಿತ್ತು ಅಂದೆ.” ಅವನು ಪೆಟ್ಟಿಗೆಯನ್ನು ತಿರುಗಿಸಿ ಇನ್ನೊಂದು ಬದಿ ಒರೆಸಿದ. “ಮಾರನೇ ದಿನಾನೂ ಆರಿಸಲಿಲ್ಲ.”

“ನಾಲ್ಕು ವರ್ಷ ನೀವು ಇದನ್ನ ಕೇಳ್ತಾ ಇದ್ರಾ? ಆ ಪ್ರಬಂಧಗಳನ್ನ?”

“ಮೂವತ್ತೈದು ವರ್ಷದಿಂದ ಪುಸ್ತಕ ಹೊಲೀತಾ ಇದೀನಿ ಚಿಕ್ಕಮೇಡಂ. ಒಳಗೆ ಏನಿದೆ ಅಂತ ಒಂದು ದಿನ ನೋಡಿದವನಲ್ಲ. ಹೊಲಿಯೋನಿಗೆ ಓದೋಕೆ ಕೈ ಎಲ್ಲಿ ಖಾಲಿ ಇರುತ್ತೆ? ಕಿವಿ ಖಾಲಿ ಇತ್ತು.”

ತಂಗಿ ಸುತ್ತ ನೋಡಿದಳು. ಕೌಂಟರಿನಿಂದೀಚೆಗೆ ಅವಳು ಯಾವತ್ತೂ ಬಂದಿರಲಿಲ್ಲ. ಗೋಡೆಗೆ ಒತ್ತುಯಂತ್ರ, ಅದರ ದೊಡ್ಡ ತಿರುಪಿನ ಚಕ್ರ. ಹೊಲಿಯುವ ಮರದ ಚೌಕಟ್ಟು. ಚೌಕಟ್ಟಿನ ನೇರಕ್ಕೆ, ಕೂತವನ ಕಿವಿಯ ಎತ್ತರದಲ್ಲಿ, ಪೆಟ್ಟಿಗೆಯಿಡಲೆಂದೇ ಹೊಡೆದ ಒಂದು ಸಣ್ಣ ಹಲಗೆ. ಅವಳು ಎಳೆದಾಗ ಪೆಟ್ಟಿಗೆ ಅಲ್ಲಿಂದಲೇ ಕೆಳಗಿನ ಬಕೆಟ್ಟಿಗೆ ಹಾರಿತ್ತು.

“ಏನೇನು ಕೇಳಿದೀರಿ?” ಎಂದಳು. ಸಿಟ್ಟಿನಿಂದ ಕೇಳಬೇಕೆಂದುಕೊಂಡಿದ್ದಳು. ಬಾಯಿಗೆ ಬಂದಾಗ ಅದು ಬರೀ ಕುತೂಹಲವಾಗಿತ್ತು.

“ಇಟ್ಟಿಗೆ ಗೂಡಿನಲ್ಲಿ ಮಧ್ಯದ ಸಾಲು ಯಾಕೆ ಸರಿಯಾಗಿ ಬೇಯಲ್ಲ ಅನ್ನೋದು. ಹಗಲು ಮಲಗೋ ಕಾವಲುಗಾರರ ಕನಸು. ಸೇತುವೆಗಳಿಗೆ ಹೇಗೆ ಮುಪ್ಪು ಬರುತ್ತೆ ಅಂತ ಒಂದಿತ್ತು, ಅದು ಬಹಳ ಚೆನ್ನಾಗಿತ್ತು. ಈಗ ಎರೆಹುಳದ್ದು ನಡೀತಾ ಇದೆ.” ಅವನು ತಲೆಯೆತ್ತಿದ. “ಅದರ ಕೊನೇ ಅಧ್ಯಾಯ ಬಾಕಿ ಉಳೀತು. ಮಣ್ಣಲ್ಲಿ ಮೂರು ಮಡಿ ಮಾಡಿ, ಒಂದಕ್ಕೆ ಎಲೆ, ಒಂದಕ್ಕೆ ಹರಿದ ಕಾಗದ ಹಾಕಿ, ಮೂರನೇದಕ್ಕೆ ಏನೂ ಹಾಕದೆ ಬಿಟ್ಟಿದಾರೆ. ತಿಂಗಳಿಗೆರಡು ಸಲ ಹುಳ ಎಣಿಸ್ತಾರೆ. ಏನೂ ಹಾಕದ ಮಡೀಲೇ ಹುಳ ಜಾಸ್ತಿ ಆಗ್ತಾ ಹೋಗುತ್ತೆ. ಯಾಕೆ ಅಂತ ಅವರಿಗೂ ಗೊತ್ತಾಗಲ್ಲ. ಅಷ್ಟರಲ್ಲಿ ದೊಡ್ಡಮೇಡಂ ಆಸ್ಪತ್ರೆಗೆ ಹೋದ್ರು.”

ತಂಗಿಗೆ ಇದ್ದಕ್ಕಿದ್ದಂತೆ ಇನ್ನೊಂದು ವಿಷಯ ಹೊಳೆದು ಕಿವಿ ಬಿಸಿಯಾಯಿತು. “ಹಾಗಾದ್ರೆ ನಾನು ಮಾತಾಡಿದ್ದೂ ಕೇಳಿಸ್ತಿತ್ತು.”

“ಇಲ್ಲ. ನೀವು ಫೋನು ಎತ್ತಿದ ಕೂಡಲೇ ಟಕ್ ಅಂತ ನಿಂತುಬಿಡ್ತಿತ್ತು. ದೊಡ್ಡಮೇಡಂ ಅದ್ರಲ್ಲಿ ಬಹಳ ಕಟ್ಟುನಿಟ್ಟು.” ಅವನು ಬಟ್ಟೆಯನ್ನು ಮತ್ತೆ ಮಡಿಸಿದ. “ಹೆಸರು ಮಾತ್ರ ಒಂದ್ಸಲ ತಪ್ಪಿಸ್ಕೊಂಡು ಬಂತು.”

“ಯಾವ ಹೆಸರು?”

“ಗೋಂದಣ್ಣ.”

ಅವಳು ನೆಲ ನೋಡಿದಳು. ನೆಲದ ಮೇಲೆ ಕಾಗದದ ಎಳೆಗಳು, ಅಂಟಿನ ಹನಿಗಳು.

“ಚೆನ್ನಾಗೇ ಇದೆ,” ಎಂದ ಅವನು. “ಬೋರ್ಡಿಗೂ ಅದನ್ನೇ ಬರೆಸೋಣ ಅಂತಿದ್ದೆ.”

ಮಧ್ಯಾಹ್ನ ಊಟಕ್ಕೆಂದು ಮನೆಗೆ ನಡೆಯುವಾಗ ಅವಳ ಕುತೂಹಲ ಸ್ವಲ್ಪ ಸ್ವಲ್ಪವಾಗಿ ಹುಳಿಯಾಗುತ್ತ ಬಂತು. ನಾಲ್ಕು ವರ್ಷ. ಒಂದೇ ಕೋಣೆಯಲ್ಲಿ, ಆರು ಅಡಿ ದೂರದಲ್ಲಿ ಕೂತು. ಅಕ್ಕ ಯಾವ ಮಗ್ಗುಲಿಗೆ ಮಲಗುತ್ತಾಳೆ, ಚಹಾಕ್ಕೆ ಎಷ್ಟು ಸಕ್ಕರೆ, ಯಾವ ಚಪ್ಪಲಿ ಕಚ್ಚುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಎಲ್ಲ ಗೊತ್ತಿದ್ದ ಹಾಗೆ ಎಂದುಕೊಂಡಿದ್ದಳು.

ಅಕ್ಕ ಕಿಟಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಮೇಲೆ ಕಪ್ಪು ಕನ್ನಡಕ. ತಂಗಿ ಕಣ್ಣಿಗೆ ಔಷಧಿ ಹಾಕಿ, ತಟ್ಟೆ ಕೈಗೆ ಕೊಟ್ಟು, ಎದುರಿಗೆ ಕೂತಳು.

“ವೈರೆಲ್ಲ ಬಿಡಿಸ್ತಾ ಇದೀನಿ,” ಎಂದಳು ತಂಗಿ.

“ಹ್ಞೂಂ. ನಾನಿಲ್ಲದಾಗ ನೀನು ಸುಮ್ನೆ ಇರಲ್ಲ ಅಂತ ಗೊತ್ತಿತ್ತು.”

“ಒಂದು ವೈರ್ ಯಾವುದಕ್ಕೆ ಅಂತ ತಿಳೀಲಿಲ್ಲ.”

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತು. “ಯಾವ ಬಣ್ಣ?”

“ಬೂದು.”

“ಅದನ್ನ ಇರೋ ಹಾಗೇ ಬಿಟ್ಟುಬಿಡು.”

“ಬಿಡೋಕಾಗಲಿಲ್ಲ.”

“ಎಲ್ಲಿವರೆಗೆ ಹೋಗಿ ನೋಡಿದೆ?”

“ಕೊನೇವರೆಗೂ.”

ಅಕ್ಕ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಕಪ್ಪು ಕನ್ನಡಕದ ಹಿಂದೆ ಅವಳು ಎಲ್ಲಿ ನೋಡುತ್ತಿದ್ದಾಳೆ ಎಂದು ತಿಳಿಯುವಂತಿರಲಿಲ್ಲ. ಆದರೆ ಕತ್ತಿನ ಹತ್ತಿರ ಚರ್ಮ ಕೆಂಪಾಗುತ್ತಿದ್ದುದು ತಂಗಿಗೆ ಕಂಡಿತು. ಐವತ್ತಮೂರರಲ್ಲೂ ಹೀಗೆ ಕೆಂಪಾಗುವುದುಂಟೇ ಎಂದು ಅವಳು ಒಂದು ಗಳಿಗೆ ಸಿಟ್ಟು ಮರೆತು ನೋಡಿದಳು.

“ನನಗೆ ಯಾಕೆ ಹೇಳಲಿಲ್ಲ ಅಕ್ಕಾ?”

“ಹೇಳೋಕೆ ಏನಿತ್ತು? ಹೇಳಿದ್ರೆ ನಗ್ತಿದ್ದೆ.”

“ನಗ್ತಾ ಇರಲಿಲ್ಲ.”

ಅಕ್ಕ ಮುಖವನ್ನು ಅವಳ ಕಡೆಗೆ ತಿರುಗಿಸಿದಳು.

“ಸರಿ, ನಗ್ತಿದ್ದೆ,” ಎಂದಳು ತಂಗಿ. “ಆದ್ರೂ.”

“ನಾನು ಗಟ್ಟಿಯಾಗಿ ಓದಿದ್ರೆ ನಿನಗೆ ತಲೆ ಚಿಟ್ಟು ಹಿಡಿಯುತ್ತೆ ಅಂದಿದ್ದೆಯಲ್ಲ. ಫೋನಲ್ಲಿ ಮಾತಾಡೋಕಾಗಲ್ಲ, ಮನಸ್ಸಲ್ಲೇ ಓದ್ಕೋ ಅಂದೆ. ನೀನು ಹೇಳಿದ್ದು ತಪ್ಪಲ್ಲ. ಎಂಟು ಗಂಟೆ ಯಾರಾದ್ರೂ ಪಕ್ಕದಲ್ಲಿ ಗುನುಗ್ತಾ ಇದ್ರೆ ನನಗೂ ಹಾಗೇ ಆಗೋದು. ಆಮೇಲೆ ನಾನು ತಗ್ಗಿಸಿ ಓದೋಕೆ ಶುರು ಮಾಡಿದೆ. ಆ ಡಬ್ಬಿಗೆ ತಗ್ಗಿಸಿ ಓದಿದ್ರೂ ಸಾಕಾಗ್ತಿತ್ತು.”

ತಂಗಿಗೆ ತಾನು ಹಾಗೆಂದದ್ದು ನೆನಪಿರಲಿಲ್ಲ. ಅಂದಿರಬೇಕು. ಹನ್ನೆರಡು ವರ್ಷದಲ್ಲಿ ಅಂಥವು ಎಷ್ಟು ಅಂದಿದ್ದಾಳೋ.

“ಅವರಿಗೆ ವಾಪಸ್ ಏನೂ ಹೇಳೋಕಾಗಲ್ಲ ಅಲ್ವಾ? ಒಂದೇ ಕಡೆಯಿಂದ ಹೋಗೋದು.”

“ಚೂರು ಕಾಗದದಲ್ಲಿ ಬರೆದು ಪುಸ್ತಕದ ಕೊನೇ ಪುಟದಲ್ಲಿ ಇಡ್ತಾರೆ. ಅಲ್ಲಿ ಹೇಳಿದ್ದು ನಿಜಾನಾ, ಇಲ್ಲಿ ಇವರು ಯಾಕೆ ಹೀಗೆ ಬರೆದ್ರು, ಅಂಥವೇ. ಬೇರೆ ಏನೂ ಇರಲ್ಲ.” ಅಕ್ಕ ತಡೆದು, ಮತ್ತೆ ಹೇಳಿದಳು. “ಹೋದ ತಿಂಗಳು ಒಂದರಲ್ಲಿ ಮಾತ್ರ ಬೇರೆ ಇತ್ತು. ಕಣ್ಣು ಸರಿಹೋದ ಮೇಲೆ ಒಂದು ದಿನ ಇಲ್ಲಿಗೇ ಬಂದು, ಎದುರಿಗೆ ಕೂತು ಓದ್ತೀರಾ ಅಂತ.”

“ನೀನೇನಂದೆ?”

“ಇನ್ನೂ ಏನೂ ಅಂದಿಲ್ಲ.”

“ಹೋಗ್ತೀಯಾ?”

“ಗೊತ್ತಿಲ್ಲ. ಮೇಜಿಗೆ ಓದಿ ಅಭ್ಯಾಸ ಆಗಿದೆ. ಎದುರಿಗೆ ಮನುಷ್ಯರು ಕೂತ್ರೆ ಧ್ವನಿ ಬರುತ್ತೋ ಇಲ್ವೋ.” ಅಕ್ಕ ಕೈ ಚಾಚಿ ತಟ್ಟೆಗಾಗಿ ತಡಕಾಡಿದಳು. ತಂಗಿ ಅದನ್ನು ಅವಳ ಕೈಗೆ ಸರಿಸಿದಳು. ಸ್ಪೀಕರು ಅಂಟಿನಲ್ಲಿ ಬಿದ್ದದ್ದನ್ನು ಹೇಳಲಿಲ್ಲ.

ಅಂಗಡಿಗೆ ವಾಪಸು ಬಂದಾಗ ಬೂದು ವೈರ್ ನೆಲದ ಮೇಲೆ ಹಾಗೇ ಸುರುಳಿ ಬಿದ್ದಿತ್ತು. ಪಕ್ಕದಲ್ಲೇ ಕಟಿಂಗ್ ಪ್ಲೈಯರ್. ತಂಗಿ ಅದನ್ನು ಕೈಗೆತ್ತಿಕೊಂಡು ಕಿಟಕಿಯ ಚೌಕಟ್ಟಿನ ಬಳಿ ನಿಂತಳು. ಇಲ್ಲಿ ಒಂದು ಸಲ ಒತ್ತಿದರೆ ಮುಗಿಯಿತು. ಹಳೇ ವೈರ್, ಬಿಡಿಸುವಾಗ ತುಂಡಾಯಿತು ಅಂದರೆ ಯಾರೂ ಮರುಮಾತಾಡುವವರಲ್ಲ. ಅಕ್ಕ ಇರಲಿ ಬಿಡು ಅನ್ನುತ್ತಾಳೆ. ಗೋಂದಣ್ಣ ಆಯ್ತು ಅನ್ನುತ್ತಾನೆ. ಅಕ್ಕ ಆ ಕಡೆಗೆ ಹೋಗುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯೂ ಮೆಲ್ಲಗೆ ಮುಚ್ಚಿಹೋಗುತ್ತದೆ. ಸಂಜೆ ಮನೆಗೆ ಹೋದರೆ ಇಬ್ಬರಿಗೆ ಚಹಾ, ಇಬ್ಬರಿಗೆ ಊಟ, ಅರ್ಧರ್ಧ ಬೀರು, ಎಲ್ಲ ಇದ್ದ ಹಾಗೇ ಇರುತ್ತದೆ.

ಪ್ಲೈಯರ್ ಹಿಡಿದುಕೊಂಡೇ ಅವಳ ಕಣ್ಣು ಮೇಜಿನ ಮೇಲಿನ ಕಟ್ಟಿನ ಮೇಲೆ ಬಿತ್ತು. ಎರೆಹುಳದ ಪ್ರಬಂಧ. ಕೊನೆಯ ಅಧ್ಯಾಯಕ್ಕೆ ಅಕ್ಕ ಕೆಂಪು ಪೆನ್ಸಿಲಿನಿಂದ ಗುರುತಿಟ್ಟಿದ್ದಳು. ಹನ್ನೆರಡು ವರ್ಷದಲ್ಲಿ ಎಷ್ಟೋ ಸಾವಿರ ಪುಟ ತಂಗಿಯ ಕೈಯಿಂದ ಹೊರಗೆ ಹೋಗಿದ್ದವು. ಅಂಚು ಸರಿಯಿದೆಯೇ, ಪುಟಸಂಖ್ಯೆ ಸಾಲಾಗಿದೆಯೇ, ಮಸಿ ತೆಳುವಾಗಿದೆಯೇ, ಅಷ್ಟು ಬಿಟ್ಟು ಬೇರೇನನ್ನೂ ಅವಳು ನೋಡಿರಲಿಲ್ಲ. ಏನೂ ಹಾಕದ ಮಡಿಯಲ್ಲಿ ಹುಳ ಯಾಕೆ ಹೆಚ್ಚಾದವು?

ಎರಡು ಸಾಲು ನೋಡೋಣ ಎಂದು ನಿಂತೇ ಓದತೊಡಗಿದಳು. ಆಮೇಲೆ ಅಕ್ಕನ ಕುರ್ಚಿಯಲ್ಲಿ ಕೂತಳು. ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ತನ್ನ ತುಟಿ ಆಡುತ್ತಿರುವುದು ಅವಳ ಗಮನಕ್ಕೆ ಬಂತು. ಹುಳಗಳ ಲೆಕ್ಕ ಇಟ್ಟ ಹುಡುಗಿ ಯಾರೋ, ಬಹಳ ಪ್ರಾಮಾಣಿಕಳು. ಮಣ್ಣು ಪರೀಕ್ಷೆ ಮಾಡಿಸಿದ್ದಳು, ನೀರು ಪರೀಕ್ಷೆ ಮಾಡಿಸಿದ್ದಳು, ತಾನು ಎಣಿಸುವುದರಲ್ಲೇ ತಪ್ಪಿದೆಯೇನೋ ಎಂದು ಇನ್ನೊಬ್ಬರಿಂದ ಎಣಿಕೆ ಮಾಡಿಸಿದ್ದಳು. ಕೊನೆಗೆ ಎಲ್ಲ ಮಡಿಗಳನ್ನು ಅಗೆದು ನೋಡಿದರೆ, ನಡುವಿನ ಹಲಗೆಯ ಬುಡದಲ್ಲಿ ಒಂದು ಬೆರಳು ಹೋಗುವಷ್ಟು ಸಂದಿ. ಹುಳಗಳು ಕಾಗದದ ಮಡಿಯಲ್ಲಿ ತಿಂದು, ರಾತ್ರಿ ಆ ಸಂದಿಯಿಂದ ದಾಟಿ, ಯಾರೂ ಏನೂ ಹಾಕದ ಮಡಿಗೆ ಹೋಗಿ ಮಲಗುತ್ತಿದ್ದವು. ಪ್ರಯೋಗ ಕೆಟ್ಟಿತೆಂದು ಹುಡುಗಿ ಬರೆದಿದ್ದಳು. ಅವು ಯಾಕೆ ಅಲ್ಲಿಗೇ ಹೋಗುತ್ತಿದ್ದವು ಎಂಬುದು ಮಾತ್ರ ತನಗೆ ಈಗಲೂ ತಿಳಿದಿಲ್ಲ, ಅದನ್ನು ತಿಳಿಯುವ ಆಸೆಯಿದೆ ಎಂದೂ ಬರೆದಿದ್ದಳು.

“ಮೇಡಂ, ಎರಡು ಜೆರಾಕ್ಸ್,” ಎಂದು ಯಾರೋ ಕೌಂಟರಿನಲ್ಲಿ ಎರಡನೆಯ ಸಲ ಕರೆದರು.

“ಒಂದು ನಿಮಿಷ ಇರಿ,” ಎಂದು ಅವಳು ತಲೆಯೆತ್ತದೆ ಹೇಳಿ, ಕೊನೆಯ ಪುಟ ಮುಗಿಸಿದಳು.

ಸಂಜೆಯಾಗುವ ಮೊದಲು ರಿಪೇರಿಯವನಿಗೆ ಫೋನು ಮಾಡಿದಳು. ವೈರೆಲ್ಲ ಬಿಡಿಸಿಟ್ಟಿದ್ದೇನೆ, ಪ್ಲಗ್ಗು ನೋಡು ಬಾ, ಜೊತೆಗೆ ಒಂದು ಸ್ಪೀಕರ್ ಅಂಟಿನಲ್ಲಿ ಬಿದ್ದಿದೆ, ಅದನ್ನೂ ನೋಡಬೇಕು ಎಂದಳು.

“ಯಾವುದು, ಆ ಬೂದು ವೈರಿನದಾ?” ಎಂದ ಅವನು. “ಬಿದ್ದುಹೋಯ್ತಾ? ಛೆ. ನಾನೇ ಹಾಕಿಕೊಟ್ಟಿದ್ದು ಅದನ್ನ.”

“ನಿನಗೂ ಗೊತ್ತಿತ್ತಾ?”

“ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.”

ಮರುದಿನ ಬೆಳಿಗ್ಗೆ ಅವನು ಬಂದು ಸಡಿಲವಾಗಿದ್ದ ಪ್ಲಗ್ಗನ್ನು ಎರಡೇ ನಿಮಿಷದಲ್ಲಿ ಕಂಡುಹಿಡಿದ. ಸ್ಪೀಕರಿಗೆ ಅರ್ಧ ದಿನ ಹಿಡಿಯಿತು. ಮರದ ಪೆಟ್ಟಿಗೆ ಉಳಿಯಿತು, ಒಳಗಿನದು ಹೊಸದಾಯಿತು. ಅವನು ಬೈಂಡರನ ಕೋಣೆಯಲ್ಲಿ ನಿಂತು, “ಚಿಕ್ಕಮೇಡಂ, ಗುಂಡಿ ಒತ್ತಿ ಏನಾದ್ರೂ ಮಾತಾಡಿ,” ಎಂದು ಓಣಿಯಾಚೆಯಿಂದ ಕೂಗಿದ. ತಂಗಿ ಗುಂಡಿ ಒತ್ತಿದಳು. ಪಕ್ಕದಲ್ಲಿದ್ದ ಕಾಗದದ ಕಟ್ಟಿನ ಮೇಲಿನ ಹೊದಿಕೆಯನ್ನೇ ಓದಿದಳು: “ಬಿಳಿ. ಐನೂರು ಹಾಳೆ. ತೇವವಿಲ್ಲದ ಜಾಗದಲ್ಲಿಡಿ.”

ಸ್ವಲ್ಪ ಹೊತ್ತಿಗೆ ಗೋಂದಣ್ಣನೇ ಹಿಂಬಾಗಿಲಿಗೆ ಬಂದು ನಿಂತ. “ಕೇಳಿಸ್ತು,” ಎಂದ. ಹೋಗಲು ತಿರುಗಿದವನು ಅನುಮಾನಿಸಿ ಮತ್ತೆ ಇತ್ತ ತಿರುಗಿದ. “ಎರೆಹುಳದ್ದು ಕೊನೇ ಅಧ್ಯಾಯ ಅಲ್ಲೇ ಇದೆ ಅಂತ ಕಾಣುತ್ತೆ. ನೀವೇನಾದ್ರೂ ನೋಡಿದ್ರಾ?”

“ನೋಡಿದೆ.”

“ಏನಾಯ್ತು?”

ಅವನ ಮುಖದಲ್ಲಿದ್ದ ಆಸೆಯನ್ನು ಕಂಡು ಅವಳಿಗೆ ಹೇಳಿಬಿಡಬೇಕೆನ್ನಿಸಿತು. ಒಂದೇ ವಾಕ್ಯದ ಮಾತು. “ಹೇಳಲ್ಲ,” ಎಂದಳು. “ಅಕ್ಕ ಬಂದು ಓದಲಿ. ಸಲ್ಲಿಸೋಕೆ ಮುಂದಿನ ತಿಂಗಳವರೆಗೂ ಸಮಯ ಇದೆ.”

ಅವನು ಯೋಚಿಸಿ ತಲೆಯಾಡಿಸಿದ. “ಒಳ್ಳೇದು,” ಎಂದು ಹೊರಟುಹೋದ.

ಅವಳು ಮೇಜಿನ ಕೆಲಸವನ್ನು ಅವತ್ತೇ ಮುಗಿಸಿದಳು. ಕರೆಂಟಿನ ವೈರ್‌ಗಳು ಎಡಕ್ಕೆ, ಉಳಿದವು ಬಲಕ್ಕೆ. ಮೇಜಿನ ಹಿಂಗಾಲಿಗೆ ಪಟ್ಟಿ ಹಾಕಿ ಬಿಗಿದಳು, ಹೆಚ್ಚಾದದ್ದನ್ನು ಸುರುಳಿ ಸುತ್ತಿ ಕಟ್ಟಿದಳು. ಉಳಿದಿದ್ದ ಒಂದು ಚೀಟಿಯ ಮೇಲೆ ಏನು ಬರೆಯುವುದೆಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕೊನೆಗೆ ‘ಓಣಿಯಾಚೆ’ ಎಂದು ಬರೆದು ಅಂಟಿಸಿದಳು. ಆಮೇಲೆ ಸ್ಕ್ರೂ ಬಿಚ್ಚಿ, ಕಪ್ಪು ಡಬ್ಬಿಯನ್ನು ಡ್ರಾಯರಿನ ತಳದಿಂದ ತೆಗೆದು, ಮೇಜಿನ ಮೇಲೆ ಕೀಬೋರ್ಡಿನ ಬಲಕ್ಕೆ ಕೂರಿಸಿದಳು.

ಹನ್ನೊಂದನೆಯ ದಿನ ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದಳು. ಗೋಡೆ ಇಷ್ಟು ಬಿಳಿ ಇದೆಯೇ ಎಂದು ಮೊದಲು ಗೋಡೆ ನೋಡಿದಳು. ಮೇಜಿನ ಹಿಂದೆ ಹೋಗಿ ವೈರ್‌ಗಳನ್ನೂ ಚೀಟಿಗಳನ್ನೂ ನೋಡಿದಳು. ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ ಕೈಯನ್ನು ಡ್ರಾಯರಿನ ಕೆಳಗೆ ಒಯ್ದು, ಅಲ್ಲಿ ಏನೂ ಸಿಗದೆ ಬೆಚ್ಚಿದಳು. ಆಮೇಲೆ ಡಬ್ಬಿ ಕಣ್ಣೆದುರಿಗೇ ಕಂಡಿತು.

“ಇದನ್ನ ಯಾಕೆ ಮೇಲಿಟ್ಟೆ?”

“ಬಗ್ಗಬಾರದು ಅಂದಿದಾರಲ್ಲ ಡಾಕ್ಟರು.”

ಅಕ್ಕ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಎರೆಹುಳದ ಪ್ರಬಂಧವನ್ನು ಎಳೆದುಕೊಂಡು, ಕೆಂಪು ಗುರುತಿನಿಂದ ಕೊನೆಯವರೆಗಿನ ಪುಟಗಳನ್ನು ಬೇರೆ ಮಾಡಿ, ಮೇಜಿಗೆ ತಟ್ಟಿ ಸರಿಮಾಡಿಕೊಂಡಳು. ತಂಗಿ ಜೆರಾಕ್ಸ್ ಯಂತ್ರದ ತಟ್ಟೆಗೆ ಕಾಗದ ತುಂಬುವ ನೆಪದಲ್ಲಿ ಆ ಕಡೆ ತಿರುಗಿ ನಿಂತಳು. ಕುರ್ಚಿ ಸರಿಯಿತು.

“ಈಗ ಬಂದೆ,” ಎಂದಳು ಅಕ್ಕ.

“ಹ್ಞೂಂ.”

ಹಿಂಬಾಗಿಲು ತೆರೆದು ಮುಚ್ಚಿಕೊಂಡಿತು. ತಂಗಿ ತಟ್ಟೆಗೆ ಕಾಗದ ತುಂಬಿದಳು, ಅದೇ ಕಾಗದವನ್ನು ತೆಗೆದು ಮತ್ತೆ ತುಂಬಿದಳು. ಕಸದ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಅದನ್ನು ಎತ್ತಿಕೊಂಡು ಓಣಿಗೆ ಇಳಿದಳು.

ಬೈಂಡರನ ಕಿಟಕಿ ತೆರೆದಿತ್ತು. ಒಳಗೆ ಅಕ್ಕ ಒಂದು ಕುರ್ಚಿಯ ತುದಿಯಲ್ಲಿ, ಪುಟಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಎದುರಿಗೆ ಅವನು, ಹೊಲಿಯುವ ಚೌಕಟ್ಟಿನ ಹಿಂದೆ, ಸೂಜಿಗೆ ದಾರ ಪೋಣಿಸಿ. ಅಕ್ಕ ಬಾಯಿ ತೆರೆದಳು, ಗಂಟಲು ಸರಿಮಾಡಿಕೊಂಡಳು, ಒಂದು ಪದ ಹೊರಟು ಅಲ್ಲೇ ನಿಂತಿತು. ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ.

ಅವನು ಸೂಜಿಯನ್ನು ಕೆಳಗಿಟ್ಟು ಎದ್ದ. ಚೌಕಟ್ಟನ್ನು ಎತ್ತಿ, ಸ್ಟೂಲನ್ನು ಕಾಲಿಂದ ಸರಿಸಿ, ಗೋಡೆಯ ಕಡೆಗೆ ಮುಖ ಮಾಡಿ ಕೂತ. ಈಗ ಅಕ್ಕನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಮಾಸಿದ ಅಂಗಿ, ಅದರ ಕಾಲರಿನ ಮೇಲೆ ಒಣಗಿದ ಅಂಟು. ಅವನು ಸೂಜಿಯನ್ನು ಎತ್ತಿಕೊಂಡು ಮೊದಲ ಹೊಲಿಗೆ ಹಾಕಿದ. ದಾರ ಕಾಗದದೊಳಗಿಂದ ಮೆಲ್ಲಗೆ ಸರಿದು ಬರುವ ಸದ್ದಾಯಿತು.

ಅಕ್ಕ ಓದತೊಡಗಿದಳು.